ಬಾಗಿಲ ಬಳಿ ಒಂದು ಬ್ಯಾಗ್ ಇರಲಿ

1974ರ ನೆರೆಯ ಕತೆಯನ್ನು ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರ ಬಾಯಿಂದ ಕೇಳಿ ಬೆಳೆದವರು ನಾವು. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಮತ್ತೆ ಉಕ್ಕಿದ್ದನ್ನೂ ಕಂಡೆವು. ಆದರೂ ಮಳೆಗಾಲ ಬಂದರೆ ಕೊಡೆ ಹುಡುಕುತ್ತೇವೆಯೇ ಹೊರತು ಬ್ಯಾಗ್ ಕಟ್ಟಿಡುವುದಿಲ್ಲ.

ನೀರು ಅಂಗಳಕ್ಕೆ ಬಂದ ಮೇಲೆ ಉಮ್ಮನ ಶುಗರಿನ ಮಾತ್ರೆ ಎಲ್ಲಿ ಅಂತ ಕಪಾಟು ಜಾಲಾಡುತ್ತಾ ಕೂತರೆ ಅಷ್ಟರಲ್ಲಿ ದಾರಿಯೇ ಮುಳುಗಿರುತ್ತದೆ. ರಜೆಗೆ ಬಂದ ಮಗನ ಪಾಸ್‌ಪೋರ್ಟ್ ಒದ್ದೆಯಾಗಿ ಹಾಳಾದರೆ ಗಲ್ಫ್‌ಗೆ ಮರಳುವುದೇ ಕಷ್ಟ.

ಪಾಸ್‌ಪೋರ್ಟ್, ಆಧಾರ್, ರೇಷನ್ ಕಾರ್ಡ್, ಜಾಗದ ದಾಖಲೆಗಳನ್ನು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಫೋಟೋ ತೆಗೆದು ಊರ ಹೊರಗಿರುವ ಮಕ್ಕಳಿಗೂ ಕಳುಹಿಸಿಡಿ. ವಾರಕ್ಕಾಗುವ ಮಾತ್ರೆ, ಡಾಕ್ಟರ ಚೀಟಿ, ಓಆರ್‌ಎಸ್, ಟಾರ್ಚ್, ಪವರ್ ಬ್ಯಾಂಕ್, ಬಿಸ್ಕೆಟ್, ಖರ್ಜೂರ, ಕುಡಿಯುವ ನೀರು, ಒಂದು ಜೊತೆ ಬಟ್ಟೆ, ಪ್ಯಾಡ್, ಸ್ವಲ್ಪ ನಗದು ಬ್ಯಾಗಿನಲ್ಲಿರಲಿ. ಇನ್ಸುಲಿನ್ ಫ್ರಿಡ್ಜ್‌ನಲ್ಲಿರುತ್ತದೆ; ಮರೆಯದಂತೆ ಬ್ಯಾಗಿನ ಮೇಲೆ ಚೀಟಿ ಅಂಟಿಸಿ.

ಹೊರಡುವಾಗ ಮೇನ್ ಸ್ವಿಚ್, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ನೆರವಿಗೆ 112ಕ್ಕೆ ಕರೆ ಮಾಡಿ.

"ನಾನು ಮನೆ ಬಿಟ್ಟು ಬರೂದಿಲ್ಲ" ಅನ್ನುವ ಹಿರಿಯರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಅವರನ್ನು ಈಗಲೇ ಕೂತು ಮಾತಾಡಿ ಒಪ್ಪಿಸೋಣ. ನೀರು ಏರುವ ರಾತ್ರಿ ಮಾತಿಗೆ ಪುರುಸೊತ್ತು ಇರುವುದಿಲ್ಲ.