ಕರುಳಿನ ಬ್ಯಾಕ್ಟೀರಿಯಾ ಮತ್ತು ಮಕ್ಕಳ ಬೊಜ್ಜು

ಒಂದೇ ಮನೆಯಲ್ಲಿ ಒಂದೇ ಅಡುಗೆ ಉಣ್ಣುವ ಇಬ್ಬರು ಮಕ್ಕಳಲ್ಲಿ ಒಬ್ಬ ದಪ್ಪಗಾಗುತ್ತಾನೆ, ಇನ್ನೊಬ್ಬ ತೆಳ್ಳಗೇ ಉಳಿಯುತ್ತಾನೆ. ದಪ್ಪಗಿರುವವನನ್ನು ನಾವು ‘ತಿಂಡಿಪೋತ’ ಎಂದು ಗೇಲಿ ಮಾಡುತ್ತೇವೆ. ಆದರೆ ಬೊಜ್ಜಿಗೆ ಬಾಯಿಚಪಲವೊಂದೇ ಕಾರಣವೇ?

ನಿಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ನಮ್ಮ ಜೀರ್ಣರಸಗಳಿಗೆ ಕರಗದ ನಾರಿನಂಶವನ್ನು ಇವು ಹುದುಗಿಸಿ ಕೊಬ್ಬಿನಾಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದೇಹ ಅವನ್ನು ಹೀರಿಕೊಂಡು ಶಕ್ತಿ ಪಡೆಯುತ್ತದೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜೆಫ್ರಿ ಗಾರ್ಡನ್ ಮತ್ತು ಸಂಗಡಿಗರು 2004ರಲ್ಲಿ ಒಂದು ಸ್ವಾರಸ್ಯಕರ ಪ್ರಯೋಗವನ್ನು ಪ್ರಕಟಿಸಿದರು. ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೇರಿಸಲಾಯಿತು. ಎರಡು ವಾರಗಳೊಳಗೆ ಅವುಗಳ ಕೊಬ್ಬು ಸುಮಾರು ಶೇಕಡ 60ರಷ್ಟು ಹೆಚ್ಚಿತು. ತಿಂದದ್ದು ಮಾತ್ರ ಮೊದಲಿಗಿಂತ ಕಡಿಮೆ!

2013ರಲ್ಲಿ ಇದೇ ತಂಡ ಅವಳಿಗಳತ್ತ ತಿರುಗಿತು. ಅವಳಿಗಳಲ್ಲಿ ಒಬ್ಬರು ದಪ್ಪ, ಇನ್ನೊಬ್ಬರು ತೆಳು. ದಪ್ಪಗಿದ್ದವರ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಹೆಚ್ಚು ಕೊಬ್ಬು ಶೇಖರವಾಯಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟಾಗ, ತೆಳು ಇಲಿಯ ಬ್ಯಾಕ್ಟೀರಿಯಾಗಳು ಇನ್ನೊಂದರ ಕರುಳಿಗೂ ಸೇರಿ ಬೊಜ್ಜನ್ನು ತಡೆದವು. ಆದರೆ ಜಿಡ್ಡು ಹೆಚ್ಚಾಗಿ, ಹಣ್ಣು ತರಕಾರಿ ಕಡಿಮೆಯಾದ ಆಹಾರ ಕೊಟ್ಟಾಗ ಈ ರಕ್ಷಣೆ ಸಿಗಲಿಲ್ಲ.

ಹಾಗಾದರೆ ಬ್ಯಾಕ್ಟೀರಿಯಾದ ಗುಳಿಗೆ ನುಂಗಿದರೆ ಬೊಜ್ಜು ಕರಗುವುದೇ? ನ್ಯೂಜಿಲೆಂಡಿನಲ್ಲಿ 14ರಿಂದ 18 ವರ್ಷದ 87 ಮಂದಿ ಸ್ಥೂಲಕಾಯದ ಹದಿಹರೆಯದವರು ಒಂದು ಪರೀಕ್ಷೆಗೆ ಒಳಪಟ್ಟರು. ಕೆಲವರಿಗೆ ಆರೋಗ್ಯವಂತ, ತೆಳು ದೇಹದವರ ಕರುಳಿನ ಬ್ಯಾಕ್ಟೀರಿಯಾಗಳಿದ್ದ ಗುಳಿಗೆ, ಉಳಿದವರಿಗೆ ಬರಿಯ ಹುಸಿ ಗುಳಿಗೆ. 2020ರಲ್ಲಿ ಫಲಿತಾಂಶ ಹೊರಬಂದಾಗ ಇವರಿಬ್ಬರ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲಿಗೆ ಹೊಂದಿದ್ದು ಮನುಷ್ಯನಿಗೂ ಹಾಗೆಯೇ ಹೊಂದಬೇಕೆಂದಿಲ್ಲ. ವಂಶವಾಹಿ, ಆಹಾರ, ಆಟ, ನಿದ್ರೆ ಎಲ್ಲಕ್ಕೂ ಇಲ್ಲಿ ಪಾಲಿದೆ.

ಆದ್ದರಿಂದ ಜಾಹೀರಾತಿನ ಗುಳಿಗೆಗಳಿಗೆ ಮರುಳಾಗಬೇಡಿ. ರಾಗಿ, ಕಾಳು, ಸೊಪ್ಪು, ಹಣ್ಣುಗಳಲ್ಲಿರುವ ನಾರು ಕರುಳಿನ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ಆಂಟಿಬಯೊಟಿಕ್‌ಗಳು ರೋಗಾಣುಗಳ ಜೊತೆಗೆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ವೈದ್ಯರು ಹೇಳದೆ ಅವನ್ನು ನುಂಗಬೇಡಿ. ದಿನವೂ ಆಟವಾಡಿ, ಚೆನ್ನಾಗಿ ನಿದ್ರಿಸಿ. ಮತ್ತು ದಪ್ಪಗಿರುವ ಗೆಳೆಯನನ್ನು ಹಂಗಿಸುವ ಮುನ್ನ ಒಂದು ಕ್ಷಣ ಯೋಚಿಸಿ: ಅವನ ತೂಕದ ಹಿಂದಿರುವ ಕಾರಣಗಳೆಲ್ಲ ಅವನ ಕೈಯಲ್ಲೇ ಇಲ್ಲ.