ನಿಮಗಿದು ಗೊತ್ತೇ? ಪ್ರೇಮಕಥೆಗೂ ಪ್ರಾರ್ಥನೆಗೂ ಒಂದೇ ಮೇಜು

ಕ್ರೈಸ್ತ ಪ್ರೇಮಕಾದಂಬರಿ ಎಂದೊಡನೆ ಅಮೆರಿಕದ ಓದುಗರಿಗೆ ನೆನಪಾಗುವ ಪುಸ್ತಕ ‘ರಿಡೀಮಿಂಗ್ ಲವ್’. ಬರೆದವರು ಕ್ಯಾಲಿಫೋರ್ನಿಯಾದ ಫ್ರಾನ್ಸಿನ್ ರಿವರ್ಸ್. ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿರುವ ಈ ಭಕ್ತಿಯ ಪ್ರೇಮಕಥೆಯನ್ನು 1991ರಲ್ಲಿ ಮೊದಲು ಅಚ್ಚು ಹಾಕಿದ್ದು ಯಾವುದೇ ಧಾರ್ಮಿಕ ಪ್ರಕಾಶನವಲ್ಲ. ಪತ್ತೇದಾರಿಯಿಂದ ಹಿಡಿದು ವೈಜ್ಞಾನಿಕ ಕಾದಂಬರಿಯವರೆಗೆ ಎಲ್ಲವನ್ನೂ ಮಾರುವ ಬಾಂಟಮ್ ಸಂಸ್ಥೆ! ಕ್ರೈಸ್ತ ಪ್ರಕಾಶನವಾದ ಮಲ್ಟ್ನೋಮಾ ಅದನ್ನು ಪರಿಷ್ಕರಿಸಿ ಹೊರತಂದದ್ದು ಆರು ವರ್ಷಗಳ ಮೇಲೆ, 1997ರಲ್ಲಿ.

ರಿವರ್ಸ್ ಹುಟ್ಟಿದ್ದು 1947ರಲ್ಲಿ. ಅಪ್ಪ ಪೊಲೀಸ್, ಅಮ್ಮ ನರ್ಸ್. ರೀನೊ ಪಟ್ಟಣದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಪತ್ರಿಕೋದ್ಯಮ ಓದಿದರು. ಪತ್ರಿಕೆಯಲ್ಲಿ ಅವರ ಪಾಲಿಗೆ ಬಂದ ಕೆಲಸಗಳಲ್ಲಿ ನಿಧನವಾರ್ತೆ ಬರೆಯುವುದೂ ಒಂದು. ಇಡೀ ಬಾಳನ್ನು ಹತ್ತು ಸಾಲಿಗೆ ಇಳಿಸುವ ಆ ವಿದ್ಯೆ ಕಾದಂಬರಿಕಾರ್ತಿಗೆ ಕೆಟ್ಟ ತಾಲೀಮೇನಲ್ಲ.

ಅವರಿಗೆ ಪ್ರೇಮಕಾದಂಬರಿಯ ರುಚಿ ಹತ್ತಿಸಿದ್ದು ಯಾರು? ಅತ್ತೆ! ಅತ್ತೆಯ ಹತ್ತಿರ ಕಡ ತಂದ ಪುಸ್ತಕಗಳನ್ನು ಓದಿ ಓದಿ, ‘ನಾನೂ ಒಂದು ಕೈ ನೋಡಬಾರದೇಕೆ’ ಅನ್ನಿಸಿತಂತೆ. ಸೊಸೆಗೆ ಒಗ್ಗರಣೆಯ ಹದ ಕಲಿಸುವ ಅತ್ತೆಯರ ಬಗ್ಗೆ ಕೇಳಿದ್ದೇವೆ. ಇವರದು ಬೇರೆಯೇ ಪಾಠ.

1976ರಿಂದ 1985ರವರೆಗೆ ಅವರು ಬರೆದದ್ದು ಭಕ್ತಿಯ ಸೋಂಕಿಲ್ಲದ, ಶೃಂಗಾರ ಧಾರಾಳವಾಗಿದ್ದ ಐತಿಹಾಸಿಕ ಪ್ರೇಮಕಥೆಗಳನ್ನು. ಅವು ಚೆನ್ನಾಗಿಯೇ ಓಡಿದವು. ‘ನಾಟ್ ಸೋ ವೈಲ್ಡ್ ಎ ಡ್ರೀಮ್’ ಕಾದಂಬರಿಗೆ ಅಮೆರಿಕದ ಪ್ರೇಮಕಾದಂಬರಿಕಾರರ ಸಂಘದ ಬಹುಮಾನವೂ ಬಂತು. ಇಂದು ಆ ಪುಸ್ತಕಗಳ ಹೊಸ ಪ್ರತಿ ಎಲ್ಲೂ ಸಿಗುವುದಿಲ್ಲ. ಮತ್ತೆ ಅಚ್ಚಾಗಬಾರದೆಂದು ಲೇಖಕಿಯೇ ಅವುಗಳ ಹಕ್ಕುಗಳನ್ನು ಹಿಂದಕ್ಕೆ ಕೊಂಡುಬಿಟ್ಟರು. ದುಡ್ಡು ತರುತ್ತಿದ್ದ ಸ್ವಂತ ಪುಸ್ತಕಗಳನ್ನು ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ ಲೇಖಕರು ಎಷ್ಟು ಜನ ಇದ್ದಾರು?

ತಿರುವು ಬಂದದ್ದು 1986ರಲ್ಲಿ. ಸಂಸಾರದಲ್ಲಿ ಬಿರುಕು, ಗಂಡನ ಹೊಸ ಉದ್ಯಮದ ತಾಪತ್ರಯ. ಆ ಹೊತ್ತಿನಲ್ಲಿ ಅವರನ್ನು ಚರ್ಚಿಗೆ ಕರೆದದ್ದು ಪಾದ್ರಿಯಲ್ಲ, ನೆರೆಮನೆಯ ಪುಟ್ಟ ಹುಡುಗ. ಮುಂದೆ ಗಂಡ–ಹೆಂಡತಿ ಇಬ್ಬರೂ ಸ್ನಾನದೀಕ್ಷೆ ಪಡೆದರು.

ಇಲ್ಲಿಂದ ಮುಂದೆ ಲೇಖನಿ ಸರಾಗವಾಗಿ ಓಡಿತು ಎಂದುಕೊಂಡರೆ ತಪ್ಪು. ವಿಶ್ವಾಸ ಹುಟ್ಟಿದೊಡನೆ ಬರವಣಿಗೆ ನಿಂತಿತು! ಸುಮಾರು ಮೂರು ವರ್ಷ ಏನು ಬರೆದರೂ ಕೈಹತ್ತಲಿಲ್ಲ. ಬರೆಯುವುದೇ ತನಗೆ ದೇವರಾಗಿಬಿಟ್ಟಿತ್ತು, ಕಷ್ಟ ಬಂದಾಗ ಅವಿತುಕೊಳ್ಳಲು ಕಥೆಯೊಳಗೆ ಓಡುತ್ತಿದ್ದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ವರ್ಷಗಳಲ್ಲಿ ಅವರು ಮಾಡಿದ್ದು ಬೈಬಲ್ ಅಧ್ಯಯನ. ನನಗೆ ಅವರ ಇಡೀ ಬದುಕಿನಲ್ಲಿ ಅತಿ ಕುತೂಹಲದ ಭಾಗವೆಂದರೆ ಈ ಖಾಲಿ ವರ್ಷಗಳೇ. ಏಕೆಂದರೆ ಮೌನ ಮುರಿದು ಮತ್ತೆ ಮೇಜಿಗೆ ಕೂತಾಗ ಅವರು ಹಿಡಿದದ್ದು ಪ್ರವಚನವನ್ನಲ್ಲ, ಬಿಟ್ಟುಬಂದಿದ್ದ ಅದೇ ಪ್ರೇಮಕಥೆಯ ಕಸುಬನ್ನು.

ಕಥೆ ಸಿಕ್ಕಿದ್ದು ಹಳೆಯ ಒಡಂಬಡಿಕೆಯ ಹೋಶೇಯನ ಗ್ರಂಥದಲ್ಲಿ. ಬರೀ ಹದಿನಾಲ್ಕು ಅಧ್ಯಾಯದ ಪುಸ್ತಕ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಈ ಪ್ರವಾದಿಗೆ ದೇವರ ಅಪ್ಪಣೆಯಾಗುತ್ತದೆ: ನಡತೆಗೆಟ್ಟವಳನ್ನು ಮದುವೆಯಾಗು. ಅವನು ಗೋಮೆರಳನ್ನು ಮದುವೆಯಾಗುತ್ತಾನೆ. ದಾರಿ ತಪ್ಪಿ ಹೋದವಳನ್ನು ಮತ್ತೆ ಪ್ರೀತಿಸು ಎಂಬ ಮಾತು ಬಂದಾಗ ಬೆಲೆ ತೆತ್ತು ಬಿಡಿಸಿ ತರುತ್ತಾನೆ. ಆ ಬೆಲೆ ಎಷ್ಟೆಂಬುದನ್ನೂ ಗ್ರಂಥ ಲೆಕ್ಕವಿಟ್ಟಿದೆ: ಹದಿನೈದು ಶೆಕೆಲ್ ಬೆಳ್ಳಿ, ಜೊತೆಗೆ ಒಂದೂವರೆ ಹೋಮೆರ್ ಜವೆಗೋದಿ. ಗೂಳಿ ಹಾಯ್ದು ಗುಲಾಮ ಸತ್ತರೆ ಅವನ ಒಡೆಯನಿಗೆ ಕೊಡಬೇಕಾದ ಪರಿಹಾರ ಮೂವತ್ತು ಶೆಕೆಲ್ ಎಂದು ವಿಮೋಚನಕಾಂಡ ಹೇಳುತ್ತದೆ. ಬೆಳ್ಳಿಯ ಲೆಕ್ಕದಲ್ಲಿ ಗೋಮೆರಳ ಬೆಲೆ ಅದರ ಅರ್ಧ.

ಕನ್ನಡಿಗರಿಗೆ ಹೋಶೇಯ ತೀರ ಹೊಸಬನಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1830ರ ದಶಕದ ಆರಂಭದ ಹೊತ್ತಿಗೇ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು.

ರಿವರ್ಸ್ ಈ ಕಥೆಯನ್ನು ಇಸ್ರೇಲಿನಿಂದ ಎತ್ತಿ 1850ರ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ನಡುವೆ ಇಟ್ಟರು. ಪ್ರವಾದಿ ಇಲ್ಲಿ ಮೈಕಲ್ ಹೋಸಿಯಾ ಎಂಬ ರೈತನಾಗುತ್ತಾನೆ. ಗೋಮೆರಳು ‘ಏಂಜೆಲ್’ ಎಂಬ ಹೆಸರಿನ ವೇಶ್ಯೆಯಾಗುತ್ತಾಳೆ. ಕಾಲದ ಆಯ್ಕೆ ಸುಮ್ಮನೆ ಅಲ್ಲ. 1848ರ ಜನವರಿಯಲ್ಲಿ ಕೊಲೊಮಾ ಎಂಬಲ್ಲಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನ ಬಿದ್ದದ್ದೇ ತಡ, ಗಂಡಸರ ದಂಡೇ ಆ ಸೀಮೆಗೆ ನುಗ್ಗಿತು. 1850ರ ಜನಗಣತಿಯ ಹೊತ್ತಿಗೆ ಅಲ್ಲಿ ಲೆಕ್ಕಕ್ಕೆ ಸಿಕ್ಕ ಹತ್ತು ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಣ್ಣಿಗೆ ಚಿನ್ನದ ಪುಡಿಯಲ್ಲಿ ಬೆಲೆ ಕಟ್ಟುವ ಊರು, ಬೆಲೆ ತೆತ್ತು ಬಿಡಿಸುವ ಕಥೆ. ಎರಡೂ ಕೂಡಿ ಬಂದವು.

ನಾಯಕಿ ಮತ್ತೆ ಮತ್ತೆ ಓಡಿಹೋಗುತ್ತಾಳೆ ಎಂಬುದು ಈ ಕಾದಂಬರಿಯ ಗಟ್ಟಿತನ. ಒಳ್ಳೆಯ ಗಂಡ ಸಿಕ್ಕಿದೊಡನೆ ಎಲ್ಲ ಗಾಯವೂ ಮಾಯುವ ಸುಲಭದ ಕಥೆ ಇದಲ್ಲ. ಮೈಕಲ್ ಮಾತ್ರ ತೀರ ಒಳ್ಳೆಯವನಾಗಿಬಿಟ್ಟ. ನಡುನಡುವೆ ಅವನಿಗೊಂದು ಕೆಟ್ಟ ಚಾಳಿಯಾದರೂ ಇರಬಾರದಿತ್ತೇ ಅನ್ನಿಸುವುದುಂಟು.

ಕ್ರೈಸ್ತ ಪ್ರೇಮಕಾದಂಬರಿಯಲ್ಲಿ ಯಾವಾಗಲೂ ತ್ರಿಕೋನ ಪ್ರೇಮವೇ! ನಾಯಕ, ನಾಯಕಿ, ದೇವರು. ಇಬ್ಬರು ಹತ್ತಿರವಾದರೆ ಸಾಲದು. ಇಬ್ಬರ ವಿಶ್ವಾಸವೂ ಪೆಟ್ಟು ತಿಂದು, ಕುಂಟಿ, ಎಲ್ಲಿಗಾದರೂ ತಲುಪಬೇಕು. ಮಲಗುವ ಕೋಣೆಯ ಬಾಗಿಲು ಓದುಗರ ಮುಖಕ್ಕೆ ಮುಚ್ಚಿಕೊಳ್ಳುತ್ತದೆ. ಬೈಗುಳವೂ ಇಲ್ಲ. ಇಷ್ಟೆಲ್ಲ ಕಟ್ಟುಗಳ ನಡುವೆ ಓದುಗರನ್ನು ನಾನೂರು ಪುಟ ಕೂರಿಸುವುದು ತಮಾಷೆಯಲ್ಲ.

ಪ್ರತಿ ಕಾದಂಬರಿಯನ್ನೂ ರಿವರ್ಸ್ ಒಂದು ಪ್ರಶ್ನೆಯಿಂದ ಶುರುಮಾಡುತ್ತಾರೆ. ತಮ್ಮನ್ನೇ ಕಾಡುವ, ಉತ್ತರ ಗೊತ್ತಿಲ್ಲದ ಪ್ರಶ್ನೆ. ದೇವರನ್ನು ನಂಬದ ಬಂಧುಮಿತ್ರರ ನಡುವೆ ವಿಶ್ವಾಸಿಯಾಗಿ ಬದುಕುವುದು ಹೇಗೆ? ಇದರಿಂದ ಹುಟ್ಟಿದ್ದು 1993ರ ‘ಎ ವಾಯ್ಸ್ ಇನ್ ದ ವಿಂಡ್’. ಕ್ರಿಸ್ತಶಕ 70ರಲ್ಲಿ ರೋಮನ್ನರು ಯೆರೂಸಲೇಮನ್ನು ಸುಟ್ಟಾಗ ಸೆರೆಸಿಕ್ಕಿ, ರೋಮಿನ ಸಿರಿವಂತರ ಮನೆಗೆ ಗುಲಾಮಳಾಗಿ ಬರುವ ಹುಡುಗಿಯ ಕಥೆ. ಅವಳ ಹೆಸರು ಹದಸ್ಸ. ಬೈಬಲಿನ ಎಸ್ತೇರ್ ರಾಣಿಯ ಇನ್ನೊಂದು ಹೆಸರೂ ಅದೇ. ಆದರೆ ಅವಳು ರಾಣಿಯಾದಳು, ಇವಳು ದಾಸಿ. ‘ಸಿಂಹದ ಗುರುತು’ ಎಂಬರ್ಥದ ಹೆಸರಿನ ಈ ಸರಣಿಯಲ್ಲಿ ಮೂರು ಪುಸ್ತಕಗಳಿವೆ. ‘ರಿಡೀಮಿಂಗ್ ಲವ್’ಗಿಂತ ಇವೇ ಮೇಲು ಎಂದು ವಾದಿಸುವ ಓದುಗರು ಬಹಳ. ನನ್ನ ಓಟೂ ಅತ್ತಲೇ.

ಎಲ್ಲ ಪ್ರಶ್ನೆಗಳೂ ಪುಸ್ತಕದಿಂದ ಹುಟ್ಟಿದವಲ್ಲ. 1997ರ ‘ದಿ ಅಟೋನ್ಮೆಂಟ್ ಚೈಲ್ಡ್’ ಅತ್ಯಾಚಾರದಿಂದ ಬಸಿರಾದ ಕಾಲೇಜು ಹುಡುಗಿಯ ಕಥೆ. ಅದರ ಹಿಂದೆ ಲೇಖಕಿಯ ಯೌವನದ ಗರ್ಭಪಾತ ಮತ್ತು ಅದರ ಬಗ್ಗೆ ವರ್ಷಗಟ್ಟಲೆ ಬಾಯಿ ಬಿಡದೆ ನುಂಗಿದ ಸಂಕಟ ಇತ್ತು. ಅದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು. ಗರ್ಭಪಾತದ ಕುರಿತ ಅವರ ನಿಲುವನ್ನು ಒಪ್ಪದವರೂ ಈ ಧೈರ್ಯವನ್ನು ಗುರುತಿಸಬೇಕು.

ಪಾಪ ತಿನ್ನುವವರು ಇದ್ದರೆಂದರೆ ನಂಬುತ್ತೀರಾ? ವೇಲ್ಸ್ ಮತ್ತು ಅದರ ಗಡಿಯ ಇಂಗ್ಲಿಷ್ ಊರುಗಳಲ್ಲಿ ಸತ್ತವರ ಪಾಪವನ್ನು ರೊಟ್ಟಿಯ ಜೊತೆ ತಿಂದು ತನ್ನ ಮೈಮೇಲೆ ಎಳೆದುಕೊಳ್ಳುವ ಬಡಪಾಯಿಯೊಬ್ಬ ಇರುತ್ತಿದ್ದ. ಕೂಲಿ ಪುಡಿಗಾಸು, ಊರವರಿಂದ ಬಹಿಷ್ಕಾರ. ಹದಿನೇಳನೆಯ ಶತಮಾನದಲ್ಲೇ ಇಂಗ್ಲಿಷ್ ಲೇಖಕ ಜಾನ್ ಆಬ್ರಿ ಇದನ್ನು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ಕೊನೆಯ ಪಾಪಭಕ್ಷಕನೆಂದು ಹೆಸರಾದ ರಿಚರ್ಡ್ ಮುನ್‌ಸ್ಲೋ ತೀರಿಕೊಂಡದ್ದು 1906ರಲ್ಲಿ. ಈ ಪದ್ಧತಿಯನ್ನು ವಲಸಿಗರ ಜೊತೆ ಅಮೆರಿಕದ ಅಪಲೇಚಿಯನ್ ಬೆಟ್ಟಗಳಿಗೆ ಸಾಗಿಸಿ ರಿವರ್ಸ್ ‘ದಿ ಲಾಸ್ಟ್ ಸಿನ್ ಈಟರ್’ ಬರೆದರು. ನಾಯಕಿಗೆ ಹತ್ತು ವರ್ಷ, ಹಾಗಾಗಿ ಇಲ್ಲಿ ಪ್ರೇಮಕಥೆಯ ಗೊಡವೆಯಿಲ್ಲ. 2007ರಲ್ಲಿ ಇದು ಸಿನಿಮಾ ಆಯಿತು.

ಮತ್ತಾಯನ ಸುವಾರ್ತೆ ಯೇಸುವಿನ ವಂಶಾವಳಿಯಿಂದ ಶುರುವಾಗುತ್ತದೆ. ಉದ್ದಕ್ಕೂ ಗಂಡಸರ ಹೆಸರುಗಳು. ಸಂದಿಯಲ್ಲಿ ಐವರು ಹೆಣ್ಣುಗಳು: ತಾಮಾರ್, ರಾಹಾಬ್, ರೂತ್, ಬತ್ಷೆಬೆ, ಮರಿಯ. ಮರಿಯಳನ್ನೂ ಸೇರಿಸಿ ಇವರಲ್ಲಿ ಹೆಚ್ಚಿನವರು ಊರಿನ ಗುಸುಗುಸುವಿಗೆ ಗುರಿಯಾಗಬಲ್ಲವರೇ. ಒಬ್ಬೊಬ್ಬರಿಗೂ ಒಂದೊಂದು ಕಿರುಕಾದಂಬರಿ ಬರೆದುಕೊಟ್ಟರು ರಿವರ್ಸ್.

ಇನ್ನು ಪ್ರಶಸ್ತಿಯ ಮಾತು. ಶೃಂಗಾರ ಬರೆದಾಗ ಬಹುಮಾನ ಕೊಟ್ಟ ಅದೇ ಸಂಘ, ವಿಶ್ವಾಸದ ಕಥೆ ಬರೆದಾಗಲೂ ಕರೆದು ಕೊಟ್ಟಿತು. 1995, 1996, 1997: ಸತತ ಮೂರು ವರ್ಷ ರೀಟಾ ಪ್ರಶಸ್ತಿ, ಆಮೇಲೆ ಸಂಘದ ಕೀರ್ತಿಶಾಲೆಯಲ್ಲಿ ಸ್ಥಾನ. ರೀಟಾ ಯಾರು ಎಂದಿರಾ? ಸಂಘದ ಮೊದಲ ಅಧ್ಯಕ್ಷೆ ರೀಟಾ ಕ್ಲೇ ಎಸ್ಟ್ರಾಡಾ.

ಈ ದಾರಿಯಲ್ಲಿ ರಿವರ್ಸ್ ಮೊದಲಿಗರಲ್ಲ. ನ್ಯೂಯಾರ್ಕ್ ರಾಜ್ಯದ ಪಾದ್ರಿಯೊಬ್ಬರ ಮಗಳು ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ 1887ರಲ್ಲಿ ಮೊದಲ ಪುಸ್ತಕ ಬರೆದದ್ದು ಯಾತಕ್ಕೆ ಗೊತ್ತೇ? ಮನೆಯವರೆಲ್ಲ ಷಟಾಕ್ವಾ ಎಂಬಲ್ಲಿಗೆ ಬೇಸಗೆ ರಜೆಗೆ ಹೋಗಲು ದುಡ್ಡು ಬೇಕಿತ್ತು! 1899ರಲ್ಲಿ ಗಂಡ ಅಪೆಂಡಿಸೈಟಿಸ್‌ನಿಂದ ತೀರಿಕೊಂಡರು. ಇಬ್ಬರು ಪುಟ್ಟ ಹೆಣ್ಣುಮಕ್ಕಳು. ರಜೆಗಾಗಿ ಹಿಡಿದ ಲೇಖನಿ ಈಗ ಅನ್ನಕ್ಕೆ ದಾರಿಯಾಯಿತು. 1947ರಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ ನೂರಕ್ಕೂ ಹೆಚ್ಚು ಪುಸ್ತಕ. ಕೈಯಲ್ಲಿ ಅರ್ಧ ಉಳಿದದ್ದನ್ನು ಮಗಳು ರೂತ್ ಬರೆದು ಮುಗಿಸಿದರು. ಹಿಲ್ ತೀರಿಕೊಂಡ ವರ್ಷವೇ ರಿವರ್ಸ್ ಹುಟ್ಟಿದ್ದು ಬರೀ ಕಾಕತಾಳೀಯ. ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಕ್ರೈಸ್ತ ಕಾದಂಬರಿಗಳಿಗೆ ಅಮೆರಿಕದಲ್ಲಿ ಕೊಡುವ ಕ್ರಿಸ್ಟಿ ಪ್ರಶಸ್ತಿಗೆ ಹೆಸರು ಬಂದದ್ದು ಒಬ್ಬ ಕಾಲ್ಪನಿಕ ಹುಡುಗಿಯಿಂದ. ಕ್ಯಾಥರೀನ್ ಮಾರ್ಷಲ್ ಅವರ 1967ರ ಕಾದಂಬರಿಯ ನಾಯಕಿ ಅವಳು. ಟೆನೆಸಿಯ ಬೆಟ್ಟದೂರಿಗೆ ಮೇಷ್ಟ್ರಾಗಿ ಹೋದ ತಮ್ಮ ತಾಯಿಯನ್ನೇ ಮಾದರಿಯಾಗಿಟ್ಟು ಮಾರ್ಷಲ್ ಅವಳನ್ನು ರೂಪಿಸಿದ್ದರು.

ಕೆನಡಾದ ಆಲ್ಬರ್ಟಾದಲ್ಲಿ ಹುಟ್ಟಿದ ಜ್ಯಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್ಲಿ’ 1979ರಲ್ಲಿ ಬಂತು. ಗಂಡನನ್ನು ಕಳೆದುಕೊಂಡ ಬಸುರಿ, ಪುಟ್ಟ ಮಗಳಿರುವ ವಿಧುರ. ಬೇರೆ ದಾರಿ ಕಾಣದೆ ಮದುವೆಯಾಗುತ್ತಾರೆ, ಪ್ರೀತಿ ನಿಧಾನಕ್ಕೆ ಬರುತ್ತದೆ. ನೋಡಿ ಮದುವೆಯಾಗಿ ಆಮೇಲೆ ಪರಿಚಯವಾಗುವ ನಮ್ಮವರಿಗೆ ಇದರಲ್ಲಿ ಹೊಸದೇನು ಅನ್ನಿಸೀತು. ಅಲ್ಲಿಯವರಿಗೆ ಅದೇ ರೋಮಾಂಚನ. ಇಂದಿನ ಕ್ರೈಸ್ತ ಪ್ರೇಮಕಾದಂಬರಿಯ ಮಾರುಕಟ್ಟೆಗೆ ಬಾಗಿಲು ತೆರೆದದ್ದು ಈ ಪುಸ್ತಕ. ಅವರದೇ ‘ವೆನ್ ಕಾಲ್ಸ್ ದ ಹಾರ್ಟ್’ ಆಧರಿಸಿದ ಟಿವಿ ಧಾರಾವಾಹಿ 2014ರಲ್ಲಿ ಶುರುವಾಗಿ ವರ್ಷಗಟ್ಟಲೆ ಓಡಿತು.

1997 ಈ ಪ್ರಕಾರಕ್ಕೆ ಸುಗ್ಗಿಯ ವರ್ಷ. ‘ರಿಡೀಮಿಂಗ್ ಲವ್’ ಮರುಹುಟ್ಟು ಪಡೆದದ್ದು ಆಗಲೇ. ಪ್ರೇಮಕಾದಂಬರಿಗಳ ದೈತ್ಯ ಸಂಸ್ಥೆ ಹಾರ್ಲೆಕ್ವಿನ್ ‘ಲವ್ ಇನ್‌ಸ್ಪೈರ್ಡ್’ ಎಂಬ ಕ್ರೈಸ್ತ ಸರಣಿ ಶುರುಮಾಡಿದ್ದೂ ಆಗಲೇ. ಬೆವರ್ಲಿ ಲೂಯಿಸ್ ‘ದಿ ಶನಿಂಗ್’ ಬರೆದು, ಕುದುರೆಗಾಡಿಯಲ್ಲಿ ಓಡಾಡುವ ಆಮಿಶ್ ಜನರ ಪ್ರೇಮಕಥೆಗಳಿಗೆ ಲಕ್ಷಾಂತರ ಓದುಗರನ್ನು ದೊರಕಿಸಿದ್ದೂ ಅದೇ ವರ್ಷ. ಲೂಯಿಸರ ಅಜ್ಜಿ ಅಂಥದೇ ಕಟ್ಟುನಿಟ್ಟಿನ ಮೆನೊನೈಟ್ ಸಮುದಾಯ ಬಿಟ್ಟು ಹೊರಬಂದವರು.

‘ರಿಡೀಮಿಂಗ್ ಲವ್’ ತೆರೆಗೆ ಬಂದದ್ದು 2022ರ ಜನವರಿಯಲ್ಲಿ. ಕ್ಯಾಲಿಫೋರ್ನಿಯಾದ ಕಥೆಯನ್ನು ಚಿತ್ರೀಕರಿಸಿದ್ದು ದಕ್ಷಿಣ ಆಫ್ರಿಕಾದಲ್ಲಿ! ನಿರ್ದೇಶಕ ಡಿ.ಜೆ. ಕರೂಸೊ ಜೊತೆ ಕೂತು ಚಿತ್ರಕಥೆ ಬರೆದವರು ಸ್ವತಃ ರಿವರ್ಸ್. ವಿಮರ್ಶಕರು ಜಾಡಿಸಿದರು. ಇತ್ತ ವಿಶ್ವಾಸಿಗಳಲ್ಲೇ ಜಗಳ ಹತ್ತಿಕೊಂಡಿತು: ಭಕ್ತಿಯ ಸಿನಿಮಾದಲ್ಲಿ ಹಾಸಿಗೆಯ ದೃಶ್ಯ ಇರಬಹುದೇ? ಪುಟದಲ್ಲಿ ಕಲ್ಪನೆಗೆ ಬಿಟ್ಟದ್ದನ್ನು ಪರದೆ ಬೆಳಕು ಹಾಕಿ ತೋರಿಸಿದರೆ ಹೀಗೇ ಆಗುವುದು.

ಮರುತಿಂಗಳೇ ಹೊಸ ಕಾದಂಬರಿ ‘ದಿ ಲೇಡೀಸ್ ಮೈನ್’ ಅಂಗಡಿಗೆ ಬಂತು. 1875ರ ಗಣಿಯೂರು. ಬಾಸ್ಟನ್ನಿನಿಂದ ಬಂದ ಬಾಯಿಬಡುಕಿಯೊಬ್ಬಳು ತೀರಿಹೋದ ಅಪ್ಪನ ಸೋದರನ ಗಣಿಗೆ ವಾರಸುದಾರಳಾಗಿ, ಅವನು ಬಿಟ್ಟುಹೋದ ಪತ್ರಿಕೆಯನ್ನೂ ಹೊರಡಿಸಿ, ಊರ ದೊಡ್ಡಮನುಷ್ಯರನ್ನೆಲ್ಲ ಎದುರು ಹಾಕಿಕೊಳ್ಳುತ್ತಾಳೆ. ಇದರಲ್ಲಿ ಕಣ್ಣೀರಿಗಿಂತ ನಗೆಯೇ ಹೆಚ್ಚು. ಲೇಖಕಿಗೆ ಆಗ 74.