ದೇವರ ಜಗಲಿಯ ಎರಡು ಕಲ್ಲುಗಳು

ವಾಚಕರಲ್ಲಿ ಅನೇಕರ ಮನೆಗಳಲ್ಲಿ ಸಾಲಿಗ್ರಾಮದ ಪೂಜೆಯುಂಟು. ನಮ್ಮ ಮನೆಯಲ್ಲಿಯೂ ಉಂಟು. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯಲ್ಲಿ ಆ ಸಾಲಿಗ್ರಾಮವನ್ನಿರಿಸುವ ಜಗಲಿಗೆ ಹಾಸಿರುವುದು ಬಹುಮಟ್ಟಿಗೆ ಶಹಾಬಾದದ ಫರಸಿಕಲ್ಲು. ಹೀಗಾಗಿ ಗೃಹಸ್ಥನು ಪ್ರತಿದಿನ ಪ್ರಾತಃಕಾಲದಲ್ಲಿ ಎರಡು ಕಲ್ಲುಗಳ ಮುಂದೆ ಕುಳಿತುಕೊಳ್ಳುತ್ತಾನೆ. ಒಂದಕ್ಕೆ ಅಭಿಷೇಕ ಮಾಡುತ್ತಾನೆ, ಇನ್ನೊಂದನ್ನು ಒರೆಸಿ ಏಳುತ್ತಾನೆ. ಈ ಎರಡನ್ನೂ ಕೂಡಿಸಿ ವಿಚಾರ ಮಾಡುವ ಪ್ರಸಂಗವು ನಮಗೆ ಅರುವತ್ತು ವರ್ಷ ತುಂಬುವವರೆಗೂ ಬಂದಿರಲಿಲ್ಲ.

ಅದನ್ನು ತಂದವಳು ಹತ್ತನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗಳು. ಭೂಮಿಗೆ ಕೆಲವೇ ಸಾವಿರ ವರ್ಷಗಳಾಗಿವೆಯೆಂದೂ, ಕಲ್ಲಿನೊಳಗಿನ ಪಳೆಯುಳಿಕೆಗಳೆಲ್ಲವೂ ಒಂದೇ ಮಹಾಜಲಪ್ರಳಯದಲ್ಲಿ ಸತ್ತ ಪ್ರಾಣಿಗಳವೆಂದೂ ಯಾರೋ ಮಾಡಿದ ಉಪನ್ಯಾಸವನ್ನು ಅವಳು ಫೋನಿನಲ್ಲಿ ಕೇಳಿದ್ದಳು. ಪೂಜೆಯ ಹೊತ್ತಿಗೆ ಬಂದು, "ಅಜ್ಜಾ, ಸಾಲಿಗ್ರಾಮದಾಗ ಸಮುದ್ರದ ಜೀವಿ ಗುರ್ತು ಅದ ಅಂತಾರ. ಈ ಫರಸೀನೂ ಸಮುದ್ರದ ತಳದಾಗ ಹುಟ್ಟಿದ್ದಂತ. ಹಂಗಾದ್ರ ಇದರಾಗ ಒಂದು ಚಿಪ್ಪಿನ ಚೂರೂ ಯಾಕಿಲ್ಲ?" ಎಂದು ಕೇಳಿದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆಯಲ್ಲಿ ವಿಕಾಸವಾದದ ಮಾತು ಬಂದಾಗಲೆಲ್ಲ ನಾವು ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂದು ಬೆರಳು ಮಡಚಿ ಎಣಿಸಿ, "ಇದೆಲ್ಲ ನಮ್ಮ ಋಷಿಗಳಿಗೆ ತಿಳಿದೇ ಇತ್ತು" ಎಂದು ಪಾಠವನ್ನು ಮುಗಿಸುತ್ತಿದ್ದೆವು. ಮಕ್ಕಳು ಸಂತೋಷಪಡುತ್ತಿದ್ದರು, ನಾವೂ ಸಂತೋಷಪಡುತ್ತಿದ್ದೆವು. ಆದರೆ ಫರಸಿಯಲ್ಲಿ ಚಿಪ್ಪು ಏಕಿಲ್ಲವೆಂಬ ಪ್ರಶ್ನೆಗೆ ಆ ಎಣಿಕೆಯಿಂದ ಸಮಾಧಾನವು ದೊರೆಯದು. ಅಷ್ಟು ವರ್ಷ ನಾವು ಪ್ರಶ್ನೆಯನ್ನು ಬಿಡಿಸಿರಲಿಲ್ಲ, ಮುಚ್ಚಿದ್ದೆವು ಎಂಬುದು ಅಂದು ಮನಸ್ಸಿಗೆ ನಾಟಿತು. ಆಮೇಲೆ ಕೆಲವು ತಿಂಗಳು ಓದಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಶಾಸ್ತ್ರಮರ್ಯಾದೆಯಂತೆ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಪ್ರಳಯವಾದಿಗಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಮುದ್ರದ ಚಿಪ್ಪುಗಳು ಪರ್ವತಗಳ ಮೇಲೆ ಸಿಕ್ಕುವುದು ನಿಜ. ಸಾಲಿಗ್ರಾಮವು ಬರುವುದೇ ಹಿಮಾಲಯದ ಕಾಳಿಗಂಡಕಿಯಿಂದ. ಪ್ರಾಣಿಯು ಬೇಗನೆ ಕೆಸರಿನಲ್ಲಿ ಹೂತುಹೋಗದಿದ್ದರೆ ಪಳೆಯುಳಿಕೆಯಾಗುವುದು ಕಷ್ಟವೆಂಬುದೂ ನಿಜ. ಮಹಾಪ್ರಳಯದ ಕಥೆಯು ಬೈಬಲ್ಲಿನಲ್ಲಿ ಮಾತ್ರವಲ್ಲದೆ, ಮನುವನ್ನೂ ಮತ್ಸ್ಯವನ್ನೂ ಕುರಿತು ನಮ್ಮ ಶತಪಥಬ್ರಾಹ್ಮಣದಲ್ಲಿಯೂ ಇದೆ. ಐರ್ಲೆಂಡಿನ ಆರ್ಚ್‌ಬಿಷಪ್ ಅಶ್ಶರ್ ಎಂಬವರು ೧೬೫೦ರಲ್ಲಿ ಗ್ರಂಥದ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿಯು ಕ್ರಿಸ್ತಪೂರ್ವ ೪೦೦೪ರಲ್ಲಿ ಆಯಿತೆಂದು ಗಣಿಸಿದರು. ವಿಜ್ಞಾನಿಗಳ ಕೋಟಿ ವರ್ಷಗಳ ಲೆಕ್ಕವನ್ನು ನಾವೇಕೆ ನಂಬಬೇಕೆಂದು ಈ ಪಕ್ಷದವರು ಕೇಳುತ್ತಾರೆ.

ಒಳ್ಳೆಯದು; ವರ್ಷಗಳ ಲೆಕ್ಕವನ್ನು ಸ್ವಲ್ಪ ಹೊತ್ತು ಬದಿಗಿರಿಸೋಣ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಪೌರ್ವಾಪರ್ಯವನ್ನು ಮಾತ್ರ ನೋಡೋಣ. ಇದಕ್ಕೆ ಯಂತ್ರವು ಬೇಡ. ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳಲ್ಲಿ ಕೆಳಗಿನದು ಮೊದಲು ಬೆಂದುದೆಂದು ಎಲ್ಲ ಗೃಹಿಣಿಯರೂ ಬಲ್ಲರು.

ನಮ್ಮ ಸೀಮೆಯಲ್ಲಿ ಎಲ್ಲಕ್ಕೂ ಅಡಿಯಲ್ಲಿರುವುದು ಗ್ರಾನೈಟು ಮೊದಲಾದ ಗಟ್ಟಿಶಿಲೆ. ಯಾದಗಿರಿಯ ಕೋಟೆಯು ನಿಂತಿರುವುದೂ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವೂ ಅದೇ ಶಿಲೆಯವು. ಅದರಲ್ಲಿ ಜೀವಿಯ ಗುರುತಿಲ್ಲ. ಅದರ ಮೇಲೆ ಹಾಸಿಕೊಂಡಿರುವುದು ಭೀಮಾ ಪ್ರಾಂತದ ಸುಣ್ಣಗಲ್ಲು, ಎಂದರೆ ನಮ್ಮ ಫರಸಿ. ಅದರೊಡನೆ ಜೇಡಿಯು ಪದರಪದರವಾಗಿ ಗಟ್ಟಿಕಟ್ಟಿದ ಶೇಲ್ ಎಂಬ ಕಲ್ಲು. ಈ ಪ್ರಾಂತದ ಗಣಿಗಳಲ್ಲಿ ಎಷ್ಟೋ ತಲೆಮಾರುಗಳಿಂದ ಕೂಲಿಕಾರರು ಲೆಕ್ಕವಿಲ್ಲದಷ್ಟು ಹಾಸುಗಲ್ಲುಗಳನ್ನು ಎಬ್ಬಿಸಿದ್ದಾರೆ. ಆದರೂ ಅವುಗಳಲ್ಲಿ ಮೀನಿನ ಮುಳ್ಳಾಗಲಿ, ಪಶುವಿನ ಹಲ್ಲಾಗಲಿ ಬಂದಿಲ್ಲ. ಶೇಲಿನ ಪದರಗಳನ್ನು ಸೀಳಿದ ವಿದ್ವಾಂಸರಿಗೆ ದೊರೆತುದು ಸಾಸಿವೆಯಷ್ಟು, ಬೇಳೆಯಷ್ಟು ಚಿಕ್ಕದಾದ ಕಪ್ಪು ಬಿಲ್ಲೆಗಳು. ಇವು ಚುವಾರಿಯಾ ಎಂಬ ಪ್ರಾಚೀನ ಜಲಜೀವಿಯ ಇಂಗಾಲದ ಗುರುತುಗಳು. ಅಮೇರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ದೊರೆತ ಇಂಥವೇ ಬಿಲ್ಲೆಗಳಿಗೆ ವಾಲ್ಕಾಟ್ ಎಂಬವರು ೧೮೯೯ರಲ್ಲಿ ಆ ಹೆಸರನ್ನಿಟ್ಟರು. ಅಲ್ಲಿಯೂ ಅವು ಇರುವುದು ಚಿಪ್ಪಿನ ಪ್ರಾಣಿಗಳ ಪದರಗಳಿಗಿಂತ ಕೆಳಗೆ.

ಈ ಪ್ರಾಂತದ ಉತ್ತರಭಾಗದಲ್ಲಿ ಸುಣ್ಣಗಲ್ಲಿನ ಮೇಲೆ ದಖ್ಖನದ ಕರಿಕಲ್ಲು ಹರಡಿದೆ. ಅದು ಭೂಗರ್ಭದಿಂದ ಹೊರಟು ಹರಿದ ಲಾವಾರಸ. ಒಂದು ಹಾಸಿಗೂ ಮತ್ತೊಂದು ಹಾಸಿಗೂ ನಡುವೆ ಅಲ್ಲಲ್ಲಿ ಕೆರೆಯ ಕೆಸರಿನ ತೆಳುವಾದ ಪದರಗಳಿವೆ. ಹಳೆಯ ಗುಲಬರ್ಗಾ ಜಿಲ್ಲೆಯ ಇಂತಹ ಪದರಗಳಲ್ಲಿ ಸಿಹಿನೀರಿನ ಸೂಕ್ಷ್ಮವಾದ ಚಿಪ್ಪುಜೀವಿಗಳು ದೊರೆತಿವೆ. ಲೋಕವೆಲ್ಲವೂ ಒಂದೇ ಪ್ರವಾಹದಲ್ಲಿ ಮುಳುಗಿದ್ದರೆ, ಬೆಂಕಿಯಂತಹ ರಸವು ಹರಿದು ಆರುವುದಕ್ಕೂ, ಅದರ ಮೇಲೆ ಸಿಹಿನೀರಿನ ಕೆರೆಯು ನಿಂತು ಜೀವಿಗಳು ಸಂಸಾರ ಹೂಡುವುದಕ್ಕೂ, ಮತ್ತೆ ರಸವು ಬಂದು ಮುಚ್ಚುವುದಕ್ಕೂ ಅವಕಾಶವೆಲ್ಲಿ?

ಇನ್ನು ಸುರಪುರದ ಸೀಮೆಯ ಹುಣಸಗಿ, ಬೈಚಬಾಳಗಳ ಕಣಿವೆಗಳಿಗೆ ಬರೋಣ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅನೇಕ ವರ್ಷ ಇಲ್ಲಿ ಶೋಧನೆ ನಡೆಯಿಸಿ, ಆದಿಮಾನವರ ಕಲ್ಲಿನ ಕೊಡಲಿಗಳನ್ನೂ, ಆನೆ ಮತ್ತು ದನದ ಜಾತಿಯ ಪ್ರಾಣಿಗಳ ಹಲ್ಲುಗಳನ್ನೂ ಬೆಳಕಿಗೆ ತಂದರು. ಇಸಾಂಪುರದಲ್ಲಿ ಆ ಪುರಾತನರ ಕಲ್ಲುಗಣಿಯೇ ದೊರೆಯಿತು. ಅವರು ಅಲ್ಲಿ ಒಡೆದು ಆಯುಧ ಮಾಡಿಕೊಂಡುದು ಯಾವ ಕಲ್ಲನ್ನು? ಇದೇ ಸುಣ್ಣಗಲ್ಲಿನ ಗಟ್ಟಿಯಾದ ಜಾತಿಯನ್ನು!

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಫರಸಿಯೂ ಆ ಪಶುಗಳ ಹಲ್ಲುಗಳೂ ಒಂದೇ ಪ್ರಳಯದ ಕೆಸರಿನಲ್ಲಿ ಹೂತವೆಂದರೆ, ಆ ಕೆಸರು ಗಟ್ಟಿಯಾಗಿ ಕಲ್ಲಾಗಿ, ನೀರಿನಿಂದ ಮೇಲೆದ್ದು, ಮನುಷ್ಯನ ಕೈಯಲ್ಲಿ ಕೊಡಲಿಯಾಗಿ, ಅವನ ಕಾಲದ ಪಶುಗಳೊಡನೆ ಮತ್ತೆ ಮಣ್ಣಾಗುವುದು ಹೇಗೆ? ಪಶುವು ಬರುವುದಕ್ಕೆ ಬಹು ಮುಂಚೆಯೇ ಕಲ್ಲು ಕಲ್ಲಾಗಿತ್ತು. ಭಾರವಾದುದು ಕೆಳಗಿಳಿಯಿತು, ಹಗುರವಾದುದು ತೇಲಿತು ಎಂಬ ಸಮಾಧಾನವೂ ನಿಲ್ಲದು. ಏಕೆಂದರೆ ಆನೆಯು ಮೇಲಿದೆ, ಸಾಸಿವೆಯಂತಹ ಬಿಲ್ಲೆಯು ಕೆಳಗಿದೆ.

ಈಗ ಬದಿಗಿರಿಸಿದ ಲೆಕ್ಕವನ್ನು ತರೋಣ. ಶಿಲೆಯೊಳಗಿನ ಕೆಲವು ಧಾತುಗಳು ನಿಯತವಾದ ವೇಗದಲ್ಲಿ ರೂಪಾಂತರ ಹೊಂದುವುದನ್ನು ಅಳೆದು ವಯಸ್ಸನ್ನು ತಿಳಿಯುತ್ತಾರೆ. ದಖ್ಖನದ ಲಾವಾಕ್ಕೆ ಸುಮಾರು ೬.೬ ಕೋಟಿ ವರ್ಷ. ಇಸಾಂಪುರದ ಪ್ರಾಣಿಗಳ ಹಲ್ಲುಗಳನ್ನು ಬೇರೊಂದು ವಿಧಾನದಿಂದ ಪರೀಕ್ಷಿಸಿ, ಸುಮಾರು ೧೨ ಲಕ್ಷ ವರ್ಷವೆಂದು ೨೦೦೨ರಲ್ಲಿ ಪ್ರಕಟಿಸಿದರು. ಫರಸಿಯಾದರೋ ೫೪ ಕೋಟಿ ವರ್ಷಗಳಿಗಿಂತಲೂ ಹಿಂದಿನದು. ಲೆಕ್ಕವು ಬೇರೆ ದಾರಿಯಿಂದ ಬಂದರೂ ರೊಟ್ಟಿಯ ಬುಟ್ಟಿಯ ಕ್ರಮಕ್ಕೇ ಒಪ್ಪುತ್ತದೆ.

ಮೊಮ್ಮಗಳ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಸಾಲಿಗ್ರಾಮದ ಸುರುಳಿಯು ಅಮ್ಮೊನೈಟ್ ಎಂಬ ಸಮುದ್ರಜೀವಿಯ ಗುರುತು. ಹಿಮಾಲಯವು ಏಳುವುದಕ್ಕೆ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಅದು ಬಾಳಿತು. ಪ್ರವಾಹವು ಪರ್ವತವನ್ನೇರಲಿಲ್ಲ, ಸಮುದ್ರದ ತಳವೇ ಪರ್ವತವಾಗಿ ಮೇಲೆದ್ದಿತು. ಫರಸಿಯಾಗಲಿದ್ದ ಕೆಸರು ಸಮುದ್ರದ ತಳದಲ್ಲಿ ಕೂಡುತ್ತಿದ್ದಾಗ ಅಂತಹ ಚಿಪ್ಪನ್ನು ಕಟ್ಟುವ ಪ್ರಾಣಿಯು ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ. ಫರಸಿಯಲ್ಲಿ ಚಿಪ್ಪಿಲ್ಲದಿರುವುದೇ ಸಾಕ್ಷ್ಯ.

ಆದರೂ ಸಿದ್ಧಾಂತಿಯು ಅತಿಯಾಗಿ ನುಡಿಯಬಾರದು. ಚಾರ್ಲ್ಸ್ ಡಾರ್ವಿನ್ನರು ೧೮೫೯ರ ತಮ್ಮ ಗ್ರಂಥದಲ್ಲಿಯೇ ಪಳೆಯುಳಿಕೆಗಳ ದಾಖಲೆಯು ಅಪೂರ್ಣವೆಂದು ಒಪ್ಪಿಕೊಂಡು, ಅತಿಪ್ರಾಚೀನ ಶಿಲೆಗಳು ಬರಿದಾಗಿ ತೋರುವುದನ್ನು ತಮ್ಮ ವಾದಕ್ಕೆ ಬಂದ ದೊಡ್ಡ ಆಕ್ಷೇಪವೆಂದು ಎಣಿಸಿದ್ದರು. ಅವು ಪೂರ್ತಿಯಾಗಿ ಬರಿದಲ್ಲವೆಂದು ಆಮೇಲೆ ತೋರಿಸಿದವುಗಳಲ್ಲಿ ನಮ್ಮ ಕಪ್ಪು ಬಿಲ್ಲೆಯೂ ಒಂದು. ಇನ್ನೊಂದು ಮಾತು: ಕ್ರಮದಿಂದ ಮಾತ್ರವೇ ಒಂದರಿಂದ ಒಂದು ಹುಟ್ಟಿತೆಂದು ಸಿದ್ಧವಾಗದು, ಅದಕ್ಕೆ ನಡುವಣ ರೂಪಗಳೂ ಬೇಕು. ಅಂಥವೂ ದೊರೆತಿವೆ. ಕಾಶ್ಮೀರದ ಸೀಮೆಯ ಶಿಲೆಗಳಲ್ಲಿ ದೊರೆತ ಇಂಡೋಹಯಸ್ ಎಂಬ ಗೊರಸಿನ ಚಿಕ್ಕ ಪ್ರಾಣಿಯು ತಿಮಿಂಗಿಲದ ನಿಕಟಬಂಧುವೆಂದು ೨೦೦೭ರಲ್ಲಿ ಅದರ ಕಿವಿಯ ಎಲುಬಿನಿಂದ ತೋರಿಸಿದರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಅನುಮಾನವು ಪ್ರಮಾಣವಾದರೆ, ಇದೂ ಪ್ರಮಾಣವೇ.

ಹಾಗಾದರೆ ಪುರಾಣದ ಗತಿಯೇನು? ನಮ್ಮ ಶಾಸ್ತ್ರವು ಕಲ್ಪಕ್ಕೆ ೪೩೨ ಕೋಟಿ ವರ್ಷಗಳನ್ನು ಹೇಳುತ್ತದೆ. ಆದುದರಿಂದ ದೊಡ್ಡ ಕಾಲವು ನಮಗೆ ಭಯಂಕರವಾಗಿ ತೋರಬೇಕಾಗಿಲ್ಲ. ಆದರೆ ಆ ಸಂಖ್ಯೆಯು ಕಲ್ಲನ್ನು ಸೀಳಿ ಕಂಡುಕೊಂಡುದಲ್ಲ. ಅದನ್ನು ವಿಜ್ಞಾನವೆಂದು ಮೆರೆಸುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಮನುವಿನ ದೋಣಿಯ ಕಥೆಯು ಚಿಕ್ಕ ಪ್ರಾಣಿಗೆ ತೋರಿದ ದಯೆಯು ವ್ಯರ್ಥವಾಗದೆಂದು ಕಲಿಸುತ್ತದೆ. ಅಷ್ಟು ಕಲಿಸಿದರೆ ಸಾಲದೆ? ಶಿಲೆಯ ವಯಸ್ಸನ್ನೂ ಅದರಿಂದಲೇ ಏಕೆ ಕೇಳಬೇಕು?

೨೦೨೩ರಲ್ಲಿ ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದುಹಾಕಿದಾಗ ದೇಶದ ಅನೇಕ ವಿಜ್ಞಾನಿಗಳು ಪ್ರತಿಭಟಿಸಿದರು. ಪುಸ್ತಕದಿಂದ ಪಾಠವು ಹೋಗಬಹುದು, ಮಕ್ಕಳ ತಲೆಯಿಂದ ಪ್ರಶ್ನೆಯು ಹೋಗದು. ಶಾಲೆಯಲ್ಲಿ ಉತ್ತರವು ದೊರೆಯದಿದ್ದರೆ ಅವರು ಅದನ್ನು ಎಲ್ಲಿಂದಲಾದರೂ ತಂದುಕೊಳ್ಳುತ್ತಾರೆ. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಗುವು ಕೇಳಿದಾಗ, ತಿಳಿದಿದ್ದರೆ ಹೇಳಿರಿ; ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಕೂಡಿ ಹುಡುಕಿರಿ. ನಾವು ಮಾಡಿದಂತೆ ಬೆರಳೆಣಿಸಿ ಮುಗಿಸಬೇಡಿರಿ.

ನಮ್ಮ ಮನೆಯಲ್ಲಿ ಪೂಜೆಯು ಎಂದಿನಂತೆಯೇ ನಡೆದಿದೆ. ಜಗಲಿಯನ್ನು ಒರೆಸುವ ಕೆಲಸವನ್ನು ಮಾತ್ರ ಈಗ ಮೊಮ್ಮಗಳು ತಾನೇ ವಹಿಸಿಕೊಂಡಿದ್ದಾಳೆ.